ವಿಮಾನ ಪ್ರಯಾಣದಲ್ಲಿ ಕ್ಷೌರ, ಸಿಂಗಾರದ ಸಣ್ಣ ಸಲಕರಣೆಗಳು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು

ನೇಲ್ ಕಟರ್, ಸಣ್ಣ ಕತ್ತರಿ, ರೇಜರ್, ಬ್ಲೇಡ್, ಚಿಮಟ, ಹಣಿಗೆ, ಟ್ರಿಮ್ಮರ್ ಮೊದಲಾದ ಸಲಕರಣೆಗಳನ್ನು ವಿಮಾನದಲ್ಲಿ ಎಲ್ಲಿಟ್ಟು ಒಯ್ಯಬೇಕು ಎಂಬುದನ್ನು ಎರಡು ಬೇರೆ ಬೇರೆ ನಿಯಮಗಳು ತೀರ್ಮಾನಿಸುತ್ತವೆ. ಒಂದು, ಅಪಹರಣದ ಭಯದಿಂದ ಹುಟ್ಟಿದ ಭದ್ರತಾ ನಿಯಮ. ಹರಿತವಾದ ಅಲಗು ಪ್ರಯಾಣಿಕರ ಕೈಗೆ ಸಿಗದಂತೆ ಚೆಕ್-ಇನ್ ಬ್ಯಾಗಿಗೆ ಹೋಗಬೇಕು ಎನ್ನುತ್ತದೆ ಅದು. ಇನ್ನೊಂದು, ಬೆಂಕಿಯ ಭಯದಿಂದ ಹುಟ್ಟಿದ ಅಪಾಯಕಾರಿ ಸರಕಿನ ನಿಯಮ. ಲಿಥಿಯಂ ಬ್ಯಾಟರಿ ಕಣ್ಣಿಗೆ ಕಾಣುವಂತೆ ಕೈಚೀಲದಲ್ಲೇ ಇರಬೇಕು ಎನ್ನುತ್ತದೆ ಇದು. ಒಂದೇ ಪುಟ್ಟ ಚೀಲದಲ್ಲಿ ಕತ್ತರಿಯನ್ನೂ ಟ್ರಿಮ್ಮರನ್ನೂ ಜೊತೆಗಿಡುವ ಪ್ರಯಾಣಿಕರಿಗೆ ಈ ಎರಡು ನಿಯಮಗಳ ಎದುರುಬದುರು ದಿಕ್ಕೇ ಗೊಂದಲದ ಮೂಲ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಪ್ರಯಾಣಿಕರ ದೃಷ್ಟಿಯಿಂದ ಈ ನಿಯಮಗಳ ಇತಿಹಾಸ, ಇಂದಿನ ಸ್ಥಿತಿ ಮತ್ತು ಆಚರಣೆಯನ್ನು ಈ ಲೇಖನ ಪರಿಚಯಿಸುತ್ತದೆ.

ಪ್ರದೇಶ ಮತ್ತು ವಿಮಾನ ಸಂಪರ್ಕ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಶಿಗ್ಗಾವಿ, ಸವಣೂರು ಮತ್ತು ಹಾನಗಲ್ಲಿನವರಿಗೆ ಹತ್ತಿರದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ. ಅಲ್ಲಿನ ಹೊಸ ಟರ್ಮಿನಲ್ 2017ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ನಂತರ ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ ಸಂಚಾರ ಹೆಚ್ಚಿತು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲೇ ಇರುವ ಶಿಗ್ಗಾವಿಯಿಂದ ಅದು ಸುಮಾರು ಒಂದು ತಾಸಿನ ದಾರಿ. ಹೆದ್ದಾರಿಯ ಪೂರ್ವಕ್ಕಿರುವ ಸವಣೂರು ಮತ್ತು ಪಶ್ಚಿಮಕ್ಕಿರುವ ಹಾನಗಲ್ಲಿನಿಂದ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಜಿಲ್ಲೆಯ ದಕ್ಷಿಣ ತುದಿಯ ಹಿರೇಕೆರೂರಿನವರಿಗೆ ಶಿಕಾರಿಪುರದ ಮೇಲಿಂದ ಹೋಗುವ ಶಿವಮೊಗ್ಗದ ದಾರಿಯೇ ಹತ್ತಿರ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಂದು ಪ್ರಯಾಣಿಕರ ವಿಮಾನ ಸಂಚಾರ ಆರಂಭಿಸಿತು.

ಕೊಲ್ಲಿ ರಾಷ್ಟ್ರಗಳಿಗೆ, ಯುರೋಪು-ಅಮೆರಿಕಗಳಿಗೆ ಹೋಗುವವರು ಸಾಮಾನ್ಯವಾಗಿ ಬೆಂಗಳೂರು, ಗೋವಾ ಅಥವಾ ಮುಂಬೈಯಲ್ಲಿ ವಿಮಾನ ಬದಲಿಸುತ್ತಾರೆ ಇಲ್ಲವೆ ಅಲ್ಲಿಯವರೆಗೆ ಬಸ್ಸು, ರೈಲಿನಲ್ಲಿ ಹೋಗುತ್ತಾರೆ. ವಿಮಾನ ಬದಲಿಸುವವರಿಗೆ ಎರಡನೆಯ ನಿಲ್ದಾಣದಲ್ಲಿ ಮತ್ತೊಮ್ಮೆ ತಪಾಸಣೆ ಎದುರಾಗಬಹುದು. ಹುಬ್ಬಳ್ಳಿಯಲ್ಲಿ ಒಯ್ಯಲು ಬಿಟ್ಟ ವಸ್ತುವನ್ನು ಬೆಂಗಳೂರಿನ ಅಂತರರಾಷ್ಟ್ರೀಯ ದ್ವಾರದಲ್ಲಿ ತಡೆದರೆ ಅದು ನಿಯಮಬಾಹಿರವಲ್ಲ. ದೇಶದೊಳಗಿನ ಹಾರಾಟಕ್ಕೂ ಹೊರದೇಶದ ಹಾರಾಟಕ್ಕೂ ನಿಯಮಗಳು ಕೆಲವು ಕಡೆ ಬೇರೆ.

ಸಲಕರಣೆಗಳು

ಕಿವಿಗುಗ್ಗೆ ತೆಗೆಯುವ ಕಡ್ಡಿ, ಚುಚ್ಚುವ ಮೊನೆ ಮತ್ತು ಚಿಮಟವನ್ನು ಒಂದೇ ಬಳೆಗೆ ಪೋಣಿಸಿದ ತಾಮ್ರದ ಗೊಂಚಲು ಹರಪ್ಪದ ಉತ್ಖನನದಲ್ಲಿ ಸಿಕ್ಕಿದೆ. ಅದೇ ಮಾದರಿಯ ಹಿತ್ತಾಳೆ, ಸ್ಟೀಲಿನ ಗೊಂಚಲುಗಳು ಜಾತ್ರೆಯ ಅಂಗಡಿಗಳಲ್ಲಿ ಇವತ್ತಿಗೂ ಮಾರಾಟಕ್ಕಿರುತ್ತವೆ. ಹಳ್ಳಿಯ ಹಿರಿಯರ ಎಲೆ-ಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿ, ಅಡಕೊತ್ತು, ಗುಗ್ಗೆಕಡ್ಡಿ ಒಟ್ಟಿಗೇ ಇರುತ್ತವೆ. ವೀಳ್ಯದೆಲೆಗೆ ಹೆಸರಾದ ಸವಣೂರು ಮತ್ತು ಅಡಿಕೆ ಬೆಳೆಯುವ ಹಾನಗಲ್, ಹಿರೇಕೆರೂರುಗಳಲ್ಲಿ ಈ ಸಂಚಿ ಸಾಮಾನ್ಯ. ಅಡಕೊತ್ತು ಸಿಂಗಾರದ ಸಾಧನವಲ್ಲ. ಆದರೂ ಭದ್ರತಾ ತಪಾಸಣೆಯ ಮಟ್ಟಿಗೆ ಅದು ಕತ್ತರಿಯ ಸಾಲಿನದ್ದೇ: ಎರಡು ಹಿಡಿ, ಒಂದು ತಿರುಗಾಣಿ, ಬಾಗಿದ ಹರಿತವಾದ ಅಲಗು. ಕೈಚೀಲದಲ್ಲಿ ಅದಕ್ಕೆ ಜಾಗವಿಲ್ಲ.

ಗಡ್ಡ ಹೆರೆಯುವ ಸಾಧನಗಳಲ್ಲಿ ಮೂರು ತಲೆಮಾರುಗಳಿವೆ. ಮೊದಲನೆಯದು ಕ್ಷೌರಿಕರ ಹಡಪದೊಳಗಿನ ಮಡಿಸುವ ಕತ್ತಿ. ಈಗ ಸಲೂನುಗಳಲ್ಲಿ ಇದರ ಜಾಗಕ್ಕೆ ಗಿರಾಕಿಗೊಂದರಂತೆ ಬ್ಲೇಡ್ ಬದಲಿಸುವ ಕತ್ತಿ ಬಂದಿದೆ. ಎರಡನೆಯದು ಸೇಫ್ಟಿ ರೇಜರ್. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟಕ್ಕೆ ತಂದು 1904ರಲ್ಲಿ ಪೇಟೆಂಟ್ ಪಡೆದ ಈ ಸಾಧನದಲ್ಲಿ ಎರಡೂ ಅಂಚು ಹರಿತವಾದ ತೆಳು ಬ್ಲೇಡನ್ನು ಬಿಡಿಸಿ ಹಾಕಬಹುದು. ಭಾರತದ ಕಿರಾಣಿ ಅಂಗಡಿಗಳಲ್ಲಿ ಟೋಪಾಝ್, ಸೆವೆನ್ ಓ ಕ್ಲಾಕ್ ಹೆಸರಿನ ಪೊಟ್ಟಣಗಳಲ್ಲಿ ಸಿಗುವುದು ಇದೇ ಬ್ಲೇಡು. ಮೂರನೆಯದು ಅಲಗು ಪ್ಲಾಸ್ಟಿಕ್ ತಲೆಯೊಳಗೆ ಹುದುಗಿರುವ ಕಾರ್ಟ್ರಿಜ್ ರೇಜರ್ ಮತ್ತು ಬಳಸಿ ಎಸೆಯುವ ರೇಜರ್. ಎರಡು ಅಲಗಿನ ಕಾರ್ಟ್ರಿಜನ್ನು ಜಿಲೆಟ್ 1971ರಲ್ಲೂ, ಇಡಿಯಾಗಿ ಎಸೆಯುವ ರೇಜರನ್ನು ಫ್ರಾನ್ಸಿನ ಬಿಕ್ ಸಂಸ್ಥೆ 1975ರಲ್ಲೂ ಮಾರುಕಟ್ಟೆಗೆ ತಂದವು. ಅಲಗು ಬಿಡಿಯಾಗಿ ಕೈಗೆ ಬರುತ್ತದೆಯೋ ಇಲ್ಲವೋ ಎಂಬ ಒಂದೇ ಅಂಶದ ಮೇಲೆ ಇಂದಿನ ವಿಮಾನ ಭದ್ರತಾ ಪಟ್ಟಿಗಳು ಈ ಮೂರನ್ನು ಬೇರ್ಪಡಿಸುತ್ತವೆ.

ನಿಯಮಗಳು ಬೆಳೆದ ಬಗೆ

1970ರ ದಶಕದವರೆಗೆ ಪ್ರಯಾಣಿಕರ ಜೇಬಿನಲ್ಲಿ ಚಾಕು ಇದ್ದರೂ ಕೇಳುವವರಿರಲಿಲ್ಲ. ವಿಮಾನ ಅಪಹರಣಗಳು ಹೆಚ್ಚಿದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1974ರಲ್ಲಿ ಷಿಕಾಗೋ ಒಪ್ಪಂದಕ್ಕೆ 17ನೆಯ ಅನುಬಂಧವನ್ನು ಸೇರಿಸಿತು. ಸದಸ್ಯ ರಾಷ್ಟ್ರಗಳ ಭದ್ರತಾ ನಿಯಮಗಳಿಗೆಲ್ಲ ಇಂದಿಗೂ ಇದೇ ತಳಹದಿ. 1971ರ ಜನವರಿಯಲ್ಲಿ ಶ್ರೀನಗರದಿಂದ ಹೊರಟ ಇಂಡಿಯನ್ ಏರ್‌ಲೈನ್ಸಿನ 'ಗಂಗಾ' ವಿಮಾನವನ್ನು ಲಾಹೋರಿಗೆ ಅಪಹರಿಸಿದ್ದು ಭಾರತಕ್ಕೆ ಮೊದಲ ಪೆಟ್ಟು. 1976ರಲ್ಲಿ ಇನ್ನೊಂದು ಅಪಹರಣ ನಡೆದ ಬಳಿಕ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ಘಟಕ ಸ್ಥಾಪನೆಯಾಯಿತು. 1981ರ ಸೆಪ್ಟೆಂಬರಿನಲ್ಲಿ ಸಿಖ್ಖರ ಧಾರ್ಮಿಕ ಕಿರುಗತ್ತಿಯಾದ ಕಿರ್ಪಾನ್ ಹಿಡಿದವರು ಮತ್ತೊಂದು ವಿಮಾನವನ್ನು ಲಾಹೋರಿಗೆ ಒಯ್ದರು. ಬಂದೂಕಿಲ್ಲದೆ, ಬರಿ ಅಲಗಿನಿಂದಲೇ ವಿಮಾನವನ್ನು ವಶಪಡಿಸಿಕೊಳ್ಳಬಹುದು ಎಂಬುದು ಅಂದೇ ಸಾಬೀತಾಯಿತು.

1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬ್ ಇದ್ದದ್ದು ಚೆಕ್-ಇನ್ ಮಾಡಿದ ಸಾಮಾನಿನಲ್ಲಿ. ಆ ದುರಂತದ ನಂತರ ಭದ್ರತಾ ಘಟಕವನ್ನು 1987ರ ಏಪ್ರಿಲ್ 1ರಿಂದ ಸ್ವತಂತ್ರ ಇಲಾಖೆಯಾಗಿ ಮಾಡಲಾಯಿತು. ಇಂದಿನ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, ಅದೇ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಕಂದಹಾರಕ್ಕೆ ಒಯ್ದವರು ಒಬ್ಬ ಪ್ರಯಾಣಿಕನನ್ನು ಇರಿದು ಕೊಂದರು. ಇದರ ಬೆನ್ನಿಗೇ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ವಿಮಾನ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ, ಹಂತ ಹಂತವಾಗಿ ವರ್ಗವಾಯಿತು.

ಸಿಂಗಾರದ ಸಲಕರಣೆಗಳ ಮೇಲೆ ನೇರವಾಗಿ ಕಣ್ಣು ಬಿದ್ದದ್ದು 2001ರ ಸೆಪ್ಟೆಂಬರ್ 11ರ ನಂತರ. ಅಂದಿನ ಅಪಹರಣಕಾರರು ಬಳಸಿದ್ದು ರಟ್ಟು ಕೊಯ್ಯುವಂಥ ಸಣ್ಣ ಅಲಗುಗಳನ್ನು. ಕೆಲವು ಕಾಲ ನೇಲ್ ಕಟರ್, ಉಗುರಿನ ಅರ, ಹೊಲಿಗೆ ಸೂಜಿಗಳನ್ನು ಕೂಡ ಕಿತ್ತುಕೊಳ್ಳುವುದು ಜಗತ್ತಿನಾದ್ಯಂತ ನಡೆಯಿತು. ನಂತರ ಕಟ್ಟು ಸಡಿಲಗೊಂಡಿತು. ಪೈಲಟ್ ಕೋಣೆಯ ಬಾಗಿಲು ಗುಂಡು ನಿರೋಧಕವಾಗಿರಬೇಕೆಂಬ ಅಂತರರಾಷ್ಟ್ರೀಯ ನಿಯಮ 2003ರ ನವೆಂಬರಿನಿಂದ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯವಾದದ್ದು ಇದಕ್ಕೆ ಮುಖ್ಯ ಕಾರಣ. ಅಮೆರಿಕ 2005ರ ಡಿಸೆಂಬರಿನಲ್ಲಿ ತಿರುಗಾಣಿಯಿಂದ ನಾಲ್ಕು ಇಂಚಿಗಿಂತ ಕಡಿಮೆ ಅಲಗಿರುವ ಕತ್ತರಿಗೆ ಕೈಚೀಲದಲ್ಲಿ ಅವಕಾಶ ಕೊಟ್ಟಿತು. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ ಈ ಮಿತಿ 6 ಸೆಂಟಿಮೀಟರ್. 2013ರ ಮಾರ್ಚಿನಲ್ಲಿ 6 ಸೆಂ.ಮೀ.ವರೆಗಿನ ಮಡಿಸುವ ಚಾಕುವಿಗೂ ಅವಕಾಶ ಕೊಡಲು ಅಮೆರಿಕ ಮುಂದಾಗಿತ್ತು. ಗಗನಸಖಿಯರ ಸಂಘಟನೆಗಳು ವಿರೋಧಿಸಿದ್ದರಿಂದ ಜೂನಿನಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು.

ಭಾರತದಲ್ಲಿ ಅಧಿಕಾರ ಯಾರದು

ಕೈಚೀಲದಲ್ಲಿ ಯಾವುದು ಇರಬಾರದು ಎಂಬ ಪಟ್ಟಿಯನ್ನು ಹೊರಡಿಸುವುದು ಬಿಸಿಎಎಸ್. ಆ ಪಟ್ಟಿಯಂತೆ ಚೀಲ ತಪಾಸಿಸುವುದು ದೊಡ್ಡ ನಿಲ್ದಾಣಗಳಲ್ಲಿ ಸಿಐಎಸ್‌ಎಫ್, ಕೆಲವು ಸಣ್ಣ ನಿಲ್ದಾಣಗಳಲ್ಲಿ ರಾಜ್ಯದ ಪಡೆ. ಬ್ಯಾಟರಿ, ಸ್ಪ್ರೇ, ಸುಡುವ ದ್ರವಗಳಂಥ ಅಪಾಯಕಾರಿ ಸರಕಿನ ವಿಷಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ. ಅದಕ್ಕೆ ಆಧಾರ ಷಿಕಾಗೋ ಒಪ್ಪಂದದ 18ನೆಯ ಅನುಬಂಧ. ತೂಕ ಮತ್ತು ಗಾತ್ರ ವಿಮಾನ ಸಂಸ್ಥೆಯ ಪಾಲು. ದೇಶದೊಳಗಿನ ಸಾಮಾನ್ಯ ದರ್ಜೆಯ ಟಿಕೆಟಿಗೆ ಕೈಚೀಲ 7 ಕಿಲೊ, ಚೆಕ್-ಇನ್ ಬ್ಯಾಗ್ 15 ಕಿಲೊ ಎಂಬುದು ರೂಢಿಯಲ್ಲಿರುವ ಮಿತಿ.

ಹೀಗೆ ಮೂರು ಕಡೆಯ ಅಧಿಕಾರ ಒಂದೇ ಚೀಲದ ಮೇಲೆ ನಡೆಯುತ್ತದೆ. ಕೌಂಟರಿನ ಸಿಬ್ಬಂದಿ 'ತಗೊಂಡು ಹೋಗ್ರಿ' ಎಂದ ಮಾತ್ರಕ್ಕೆ ತಪಾಸಣೆಯವರು ಬಿಡಬೇಕೆಂದಿಲ್ಲ. ಕೈಚೀಲದ ವಿಷಯದಲ್ಲಿ ಕೊನೆಯ ಮಾತು ಯಂತ್ರದ ಮುಂದೆ ಕುಳಿತ ಭದ್ರತಾ ಅಧಿಕಾರಿಯದು.

ಸಲಕರಣೆಗೆ ತಕ್ಕ ನಿಯಮ

ನೇಲ್ ಕಟರ್: ಸಾದಾ ನೇಲ್ ಕಟರನ್ನು ಈಗ ಹೆಚ್ಚಿನ ದೇಶಗಳಲ್ಲಿ ಕೈಚೀಲದಲ್ಲಿ ಬಿಡುತ್ತಾರೆ. ಭಾರತದಲ್ಲೂ ಸಾಮಾನ್ಯವಾಗಿ ತಕರಾರಿರುವುದಿಲ್ಲ. ತೊಂದರೆ ಬರುವುದು ಅದರೊಳಗೆ ಮಡಿಸಿಟ್ಟ ಪುಟ್ಟ ಚಾಕು, ಬಾಟಲಿ ತೆರೆಯುವ ಕೊಕ್ಕೆ, ಮೊನೆಯ ಅರ ಇರುವ ಮಾದರಿಗಳಿಗೆ. ಭಾರತದ ಪಟ್ಟಿಯಲ್ಲಿ ಚಾಕುವಿಗೆ ಉದ್ದದ ರಿಯಾಯಿತಿ ಇಲ್ಲ. ಬೆರಳುದ್ದದ ಚಾಕುವೂ ಚಾಕುವೇ.

ಕತ್ತರಿ: ಮೊನಚಾದ ಲೋಹದ ಕತ್ತರಿ ಭಾರತದಲ್ಲಿ ಕೈಚೀಲಕ್ಕೆ ನಿಷಿದ್ಧ. ವಿಮಾನ ಸಂಸ್ಥೆಗಳು ಟಿಕೆಟಿನ ಜೊತೆ ಕೊಡುವ ಸೂಚನೆಯಲ್ಲಿ ಚಾಕುವಿನ ಪಕ್ಕದಲ್ಲೇ ಕತ್ತರಿಯ ಹೆಸರೂ ಇರುತ್ತದೆ. ಮೀಸೆ ಕತ್ತರಿಸುವ, ಉಗುರು ಕತ್ತರಿಸುವ ಬಾಗಿದ ಪುಟ್ಟ ಕತ್ತರಿಗಳಿಗೆ ಯುರೋಪಿನಲ್ಲಿ 6 ಸೆಂ.ಮೀ. ಒಳಗಿದ್ದರೆ ಅವಕಾಶವಿದೆ. ಹೋಗುವಾಗ ಹುಬ್ಬಳ್ಳಿಯಲ್ಲಿ ತಡೆದ ಕತ್ತರಿ ಬರುವಾಗ ಲಂಡನ್ನಿನಲ್ಲಿ ಪಾರಾಗಬಹುದು. ಆಮೇಲೆ ಬೆಂಗಳೂರಿನಲ್ಲಿ ದೇಶೀಯ ವಿಮಾನ ಹತ್ತುವಾಗ ಮತ್ತೆ ಸಿಕ್ಕಿಬೀಳಬಹುದು.

ಬ್ಲೇಡ್ ಮತ್ತು ರೇಜರ್: ಬಿಡಿ ಬ್ಲೇಡು, ಅದು ಪೊಟ್ಟಣದಲ್ಲಿ ಮುಚ್ಚಿದ್ದರೂ, ಕೈಚೀಲದಲ್ಲಿ ಇರುವಂತಿಲ್ಲ. ಬ್ಲೇಡ್ ಹಾಕಿದ ಹಳೆಯ ಸೇಫ್ಟಿ ರೇಜರಿಗೂ ಹೆಚ್ಚಿನ ಕಡೆ ಇದೇ ಗತಿ. ಬ್ಲೇಡ್ ತೆಗೆದರೆ ಬರಿ ಹಿಡಿಗೆ ಅಡ್ಡಿಯಿಲ್ಲ. ಕಾರ್ಟ್ರಿಜ್ ರೇಜರ್ ಮತ್ತು ಬಳಸಿ ಎಸೆಯುವ ರೇಜರ್‌ಗಳಿಗೆ ಕೈಚೀಲದಲ್ಲಿ ಅವಕಾಶವಿದೆ. ಕ್ಷೌರದ ಮಡಿಸುವ ಕತ್ತಿ ಚೆಕ್-ಇನ್ ಬ್ಯಾಗಿಗೇ ಸೇರಬೇಕು.

ಚಿಮಟ, ಹಣಿಗೆ, ಪಿನ್ನು: ಹುಬ್ಬು ಕೀಳುವ ಚಿಮಟ, ಹೇರ್‌ಪಿನ್, ಹಣಿಗೆಗಳಿಗೆ ಸಾಮಾನ್ಯವಾಗಿ ತಡೆಯಿಲ್ಲ. ಉದ್ದನೆಯ ಲೋಹದ ಬಾಲವಿರುವ ಬ್ಯೂಟಿ ಪಾರ್ಲರ್ ಹಣಿಗೆಯನ್ನು ಮೊನಚು ನೋಡಿ ತೀರ್ಮಾನಿಸುತ್ತಾರೆ. ಸುರ್ಮಾದಾನಿಯ ಕಡ್ಡಿ ಲೋಹದ್ದಾದರೂ ತುದಿ ಮೊಂಡಾಗಿರುವುದರಿಂದ ಅದು ಅಲಗಿನ ಸಾಲಿಗೆ ಸೇರುವುದಿಲ್ಲ.

ಟ್ರಿಮ್ಮರ್ ಮತ್ತು ಎಲೆಕ್ಟ್ರಿಕ್ ಶೇವರ್: ಅಲಗು ಹಲ್ಲುಗಳ ಹಿಂದೆ ಅಡಗಿರುವುದರಿಂದ ಇವು ಆಯುಧದ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ನೋಡಬೇಕಾದದ್ದು ಬ್ಯಾಟರಿ.

ಬ್ಯಾಟರಿ, ದ್ರವ, ಸ್ಪ್ರೇ

ಲಿಥಿಯಂ ಬ್ಯಾಟರಿಯೊಳಗೆ ಶಾರ್ಟ್ ಸರ್ಕ್ಯೂಟ್ ಆದರೆ ಬಿಸಿ ತಾನೇ ಬಿಸಿಯನ್ನು ಹೆಚ್ಚಿಸಿಕೊಳ್ಳುತ್ತ ಬೆಂಕಿಗೆ ತಿರುಗುತ್ತದೆ. ಪ್ರಯಾಣಿಕರ ಕೋಣೆಯಲ್ಲಿ ಹಾಗಾದರೆ ಸಿಬ್ಬಂದಿ ನೀರು ಸುರಿದು ತಣಿಸಬಹುದು. ಕೆಳಗಿನ ಸಾಮಾನು ಕೋಣೆಯಲ್ಲಾದರೆ ಯಾರ ಕೈಗೂ ಎಟುಕದು. ಆದ್ದರಿಂದ ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕಡ್ಡಾಯವಾಗಿ ಕೈಚೀಲದಲ್ಲಿರಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದಕ್ಕೆ ಪ್ರಯಾಣಿಕರ ವಿಮಾನದಲ್ಲಿ ಅವಕಾಶವಿಲ್ಲ. 3.7 ವೋಲ್ಟಿನ 20,000 ಎಂಎಎಚ್ ಪವರ್ ಬ್ಯಾಂಕಿನ ಲೆಕ್ಕ 74 ವ್ಯಾಟ್-ಅವರ್. ಸುಮಾರು 27,000 ಎಂಎಎಚ್‌ಗೆ 100ರ ಗಡಿ ಮುಟ್ಟುತ್ತದೆ. ಟ್ರಿಮ್ಮರಿನೊಳಗಿನ ಬ್ಯಾಟರಿ ಇದರ ಮುಂದೆ ತೀರ ಸಣ್ಣದು. ಟ್ರಿಮ್ಮರನ್ನು ಕೈಚೀಲದಲ್ಲಿಡುವುದೇ ಒಳ್ಳೆಯದು. ಚೆಕ್-ಇನ್ ಬ್ಯಾಗಿನಲ್ಲಿಟ್ಟರೆ ಪೂರ್ತಿ ಆರಿಸಿ, ಸ್ವಿಚ್ ಅಕಸ್ಮಾತ್ ಒತ್ತಿಕೊಳ್ಳದಂತೆ ಭದ್ರಪಡಿಸಿರಬೇಕು.

ಹುಬ್ಬಳ್ಳಿ, ಶಿವಮೊಗ್ಗದ ಪ್ರಯಾಣಿಕರಿಗೆ ಇಲ್ಲೊಂದು ವಿಶೇಷ ಸಂಗತಿಯಿದೆ. ಈ ನಿಲ್ದಾಣಗಳಿಗೆ ಬರುವ ಎಟಿಆರ್ 72 ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಗೂಡಿಗೆ ಹಿಡಿಸದ ಕೈಚೀಲವನ್ನು ಮೆಟ್ಟಿಲ ಬಳಿಯೇ ಪಡೆದು ಸಾಮಾನು ಕೋಣೆಗೆ ಹಾಕುವುದುಂಟು. ಆಗ ಪವರ್ ಬ್ಯಾಂಕನ್ನು ಹೊರತೆಗೆದು ಕೈಯಲ್ಲಿ ಹಿಡಿದುಕೊಳ್ಳುವುದು ಪ್ರಯಾಣಿಕರ ಹೊಣೆ.

ದ್ರವಗಳ ಮಿತಿ ಹುಟ್ಟಿದ್ದು 2006ರ ಆಗಸ್ಟ್ 10ರಂದು ಲಂಡನ್ನಿನಲ್ಲಿ ಬಯಲಾದ ಸಂಚಿನಿಂದ. ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ಒಯ್ಯುವ ಯೋಜನೆ ಅದಾಗಿತ್ತು. ಅದರ ನಂತರ ಬಂದ ನಿಯಮದಂತೆ ಹೆಚ್ಚಿನ ಕಡೆ ಅಂತರರಾಷ್ಟ್ರೀಯ ಹಾರಾಟದ ಕೈಚೀಲದಲ್ಲಿ ಪ್ರತಿ ಬಾಟಲಿ 100 ಮಿಲಿಲೀಟರ್ ಮೀರುವಂತಿಲ್ಲ. ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಕೊಬ್ಬರಿ ಎಣ್ಣೆ, ಶೇವಿಂಗ್ ಕ್ರೀಮು, ಟೂತ್‌ಪೇಸ್ಟು, ಅತ್ತರು, ಉಗುರುಬಣ್ಣ ಎಲ್ಲವೂ ದ್ರವದ ಲೆಕ್ಕವೇ. ನೋಡುವುದು ಬಾಟಲಿಯ ಅಳತೆಯನ್ನು, ಒಳಗೆ ಉಳಿದದ್ದನ್ನಲ್ಲ. 200 ಮಿ.ಲೀ. ಡಬ್ಬಿಯ ತಳದಲ್ಲಿ ನಾಲ್ಕು ಹನಿ ಎಣ್ಣೆ ಉಳಿದಿದ್ದರೂ ಅದು 200 ಮಿ.ಲೀ. ಡಬ್ಬಿಯೇ. ಶೇವಿಂಗ್ ಫೋಮ್, ಡಿಯೋಡರೆಂಟ್‌ನಂಥ ಸ್ಪ್ರೇಗಳಿಗೆ ಚೆಕ್-ಇನ್ ಬ್ಯಾಗಿನಲ್ಲೂ ಮಿತಿಯಿದೆ: ಒಂದೊಂದು ಅರ್ಧ ಲೀಟರ್, ಒಬ್ಬರಿಗೆ ಒಟ್ಟು 2 ಲೀಟರ್.

ತಪಾಸಣೆಯ ಯಂತ್ರ ಏನು ನೋಡುತ್ತದೆ

ಕೈಚೀಲ ಹಾಯುವ ಎಕ್ಸ್-ರೇ ಯಂತ್ರ ಎರಡು ಶಕ್ತಿಮಟ್ಟದ ಕಿರಣಗಳನ್ನು ಹೋಲಿಸಿ ವಸ್ತುವಿಗೆ ಬಣ್ಣ ಹಚ್ಚುತ್ತದೆ. ಬಟ್ಟೆ, ತಿಂಡಿ, ಕಾಗದ, ಪ್ಲಾಸ್ಟಿಕ್ಕಿನಂಥವು ಕಿತ್ತಳೆ, ಕಬ್ಬಿಣ, ಸ್ಟೀಲು ನೀಲಿ, ನಡುವಿನವು ಹಸಿರು. ರೊಟ್ಟಿ-ಚಟ್ನಿಪುಡಿಯ ಗಂಟಿನ ಕಿತ್ತಳೆ ರಾಶಿಯಲ್ಲಿ ಕತ್ತರಿಯ ಎರಡು ಬಳೆ ಮತ್ತು ಒಂದು ತಿರುಗಾಣಿ ನೀಲಿಯಾಗಿ ಎದ್ದು ಕಾಣುತ್ತವೆ. ಬ್ಲೇಡಿನ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ. ಮಲಗಿದ್ದರೆ ನಡುವಿನ ರಂಧ್ರದೊಂದಿಗೆ ಅದರ ಆಕಾರ ಮಸುಕಾಗಿ ಕಾಣುತ್ತದೆ, ನಿಂತಿದ್ದರೆ ಒಂದು ಗಾಢ ಗೆರೆ. ಗೆರೆ ಏನೆಂದು ತಿಳಿಯದಾಗ ಚೀಲದ ದಿಕ್ಕು ಬದಲಿಸಿ ಮತ್ತೊಮ್ಮೆ ಹಾಯಿಸುತ್ತಾರೆ. ಎರಡು ಕೋನಗಳಿಂದ ಚಿತ್ರ ತೆಗೆಯುವ ಯಂತ್ರಗಳು ಈ ಕೆಲಸವನ್ನು ಹಗುರಗೊಳಿಸಿವೆ. ಪರದೆ ನೋಡುವವರ ಎಚ್ಚರ ಪರೀಕ್ಷಿಸಲು ತಂತ್ರಾಂಶವೇ ಆಗಾಗ ಕೃತಕ ಆಯುಧದ ಚಿತ್ರವನ್ನು ನಿಜವಾದ ಚೀಲದ ಚಿತ್ರದೊಳಗೆ ತೂರಿಸುವ ವ್ಯವಸ್ಥೆಯೂ ಇದೆ.

ಎಲ್ಲವನ್ನೂ ಒಂದೇ ಪೌಚಿನಲ್ಲಿ ತುಂಬಿ ಚಾರ್ಜರ್ ವೈರುಗಳ ಮಧ್ಯೆ ತುರುಕಿದರೆ ಚಿತ್ರ ಕಲಸಿಹೋಗುತ್ತದೆ. ಚೀಲ ಬದಿಗೆ ಹೋಗುವುದು ಹೆಚ್ಚಾಗಿ ಇಂಥ ಕಾರಣಕ್ಕೆ. ಕೈಚೀಲದ ಚೀಟಿಗೆ ಮುದ್ರೆ ಒತ್ತುವ ಹಳೆಯ ಪದ್ಧತಿಯನ್ನು ಬೆಂಗಳೂರು ಸೇರಿ ಏಳು ನಿಲ್ದಾಣಗಳಲ್ಲಿ 2017ರ ಏಪ್ರಿಲ್ 1ರಿಂದ ಕೈಬಿಡಲಾಯಿತು. 2022ರ ಡಿಸೆಂಬರಿನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಶುರುವಾದ ಡಿಜಿಯಾತ್ರಾ ಮುಖಚಹರೆಯಿಂದ ಗುರುತು ಹಿಡಿಯುತ್ತದೆ. ಅದರಿಂದ ಬಾಗಿಲ ಬಳಿಯ ಸಾಲು ತಗ್ಗಿದೆಯೇ ಹೊರತು ಚೀಲದ ತಪಾಸಣೆಗೆ ವಿನಾಯಿತಿ ಇಲ್ಲ.

ಹಜ್ ಯಾತ್ರೆ ಮತ್ತು ಕತ್ತರಿ

ಕೂದಲು ಕತ್ತರಿಸುವ ಸಾಧನ ಧಾರ್ಮಿಕ ವಿಧಿಗೇ ಬೇಕಾಗುವ ಸಂದರ್ಭ ಹಜ್ ಮತ್ತು ಉಮ್ರಾ. ನವಾಬರ ಸಂಸ್ಥಾನವಾಗಿದ್ದ ಸವಣೂರು, ಜೊತೆಗೆ ಶಿಗ್ಗಾವಿ, ಬಂಕಾಪುರ, ಹಾನಗಲ್ ಕಡೆಯ ಮುಸ್ಲಿಂ ಕುಟುಂಬಗಳಿಗೆ ಇದು ಪರಿಚಿತ ವಿಷಯ. ಯಾತ್ರೆಯ ಉಡುಪಾದ ಇಹ್ರಾಮ್ ಧರಿಸಿದ ಮೇಲೆ ಕೂದಲು, ಉಗುರು ಕತ್ತರಿಸುವಂತಿಲ್ಲ. ವಿಧಿಗಳು ಮುಗಿದಾಗ ಗಂಡಸರು ತಲೆ ಬೋಳಿಸುವ ಹಲ್ಕ್ ಅಥವಾ ಕೂದಲು ಗಿಡ್ಡ ಮಾಡಿಸುವ ತಕ್ಸೀರ್ ಮಾಡಿಸಬೇಕು. ಹೆಂಗಸರು ಜಡೆಯ ತುದಿಯಿಂದ ಸ್ವಲ್ಪ ಕೂದಲು ಕತ್ತರಿಸಿಕೊಂಡರೆ ಸಾಕು. ಗಂಡಸರಿಗೆ ಮಕ್ಕಾದಲ್ಲಿ ಸಲೂನುಗಳಿವೆ. ಹೆಂಗಸರು ಕೋಣೆಯಲ್ಲೇ ಈ ವಿಧಿ ಮುಗಿಸಲು ಪುಟ್ಟ ಕತ್ತರಿ ಒಯ್ಯುವುದು ರೂಢಿ.

ರಾಜ್ಯದ ಹಜ್ ಯಾತ್ರಿಕರಲ್ಲಿ ಬಹುಪಾಲು ಮಂದಿ ಬೆಂಗಳೂರಿನ ತಿರುಮೇನಹಳ್ಳಿಯ ಹಜ್ ಭವನದಲ್ಲಿ ಸೇರಿ ಅಲ್ಲಿಂದ ವಿಮಾನ ಹತ್ತುತ್ತಾರೆ. ನೇರವಾಗಿ ಜಿದ್ದಾಗೆ ಹೋಗುವವರು ಇಹ್ರಾಮಿನ ಗಡಿಯಾದ ಮೀಕಾತನ್ನು ಆಕಾಶದಲ್ಲೇ ದಾಟುವುದರಿಂದ ಹೊರಡುವ ಮುನ್ನವೇ ಇಹ್ರಾಮ್ ಧರಿಸುವುದುಂಟು. ಗಂಡಸರ ಇಹ್ರಾಮಿನ ಹೊಲಿಗೆಯಿಲ್ಲದ ಎರಡು ಬಟ್ಟೆಗೆ ಜೇಬಿಲ್ಲ. ಇರುವ ಸಾಮಾನೆಲ್ಲ ಸೊಂಟದ ಪಟ್ಟಿಗೆ ಇಲ್ಲವೆ ಕುತ್ತಿಗೆಯ ಚೀಲಕ್ಕೆ ಬರುತ್ತದೆ. ಕತ್ತರಿ ಅಲ್ಲಿದ್ದರೆ ತಪಾಸಣೆಯಲ್ಲಿ ಹೋಯಿತು. ಅದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಡಬೇಕು.

ಕಿರ್ಪಾನ್: ಅಳತೆ ಹೇಳಿದ ಏಕೈಕ ವಿನಾಯಿತಿ

ಭಾರತದಲ್ಲಿ ಅಲಗಿಗೆ ಕೈಯಲ್ಲೇ ಒಯ್ಯುವ ಸ್ಪಷ್ಟ ವಿನಾಯಿತಿ ಇರುವುದು ಸಿಖ್ಖರ ಕಿರ್ಪಾನಿಗೆ. 2022ರ ಮಾರ್ಚ್ 4ರ ಬಿಸಿಎಎಸ್ ಆದೇಶದಂತೆ ಅಲಗು 15.24 ಸೆಂ.ಮೀ., ಒಟ್ಟು ಉದ್ದ 22.86 ಸೆಂ.ಮೀ. ಮೀರದಿದ್ದರೆ ದೇಶೀಯ ಹಾರಾಟದಲ್ಲಿ ಸಿಖ್ ಪ್ರಯಾಣಿಕರು ಅದನ್ನು ಧರಿಸಬಹುದು. ವಿದೇಶ ಪ್ರಯಾಣಕ್ಕೆ ಇದು ಅನ್ವಯಿಸದು. ಸಿಂಗಾರದ ಸಲಕರಣೆಗಳಿಗೆ ಇಂಥ ವಿನಾಯಿತಿ ಇಲ್ಲ. ಅಂಗಡಿಯ ರಸೀದಿಯಾಗಲಿ, ವೃತ್ತಿಯ ಗುರುತುಚೀಟಿಯಾಗಲಿ ಅಲಗನ್ನು ಪಾರು ಮಾಡುವುದಿಲ್ಲ.

ವೃತ್ತಿಪರರು

ಸಲೂನ್ ಕೆಲಸಕ್ಕೆಂದು ಮುಂಬೈಗೋ ಕೊಲ್ಲಿಗೋ ಹೋಗುವ ಕ್ಷೌರಿಕರಿಗೆ, ಮದುವೆಗಳಿಗೆ ಊರೂರು ಸುತ್ತುವ ಬ್ಯೂಟಿಷಿಯನ್ನರಿಗೆ ಸಲಕರಣೆಯೇ ಬಂಡವಾಳ. ಕೈಗೆ ಪಳಗಿದ ಕತ್ತರಿ ಹೊಸ ಊರಿನಲ್ಲಿ ಕೊಂಡ ಕೂಡಲೇ ಸಿಗುವಂಥದ್ದಲ್ಲ. ಇವರ ಹಡಪದ ಸಾಮಾನಿನಲ್ಲಿ ಉದ್ದನೆಯ ಮೊನಚು ಕತ್ತರಿ, ತೆಳುಗೊಳಿಸುವ ಹಲ್ಲು ಕತ್ತರಿ, ಕತ್ತಿ, ಬ್ಲೇಡಿನ ಪೊಟ್ಟಣ ಚೆಕ್-ಇನ್ ಬ್ಯಾಗಿಗೆ ಹೋಗಬೇಕು. ಚಾರ್ಜಿನ ಮಷಿನ್ನು, ಅದರ ಬಿಡಿ ಬ್ಯಾಟರಿ ಕೈಚೀಲಕ್ಕೆ. ಚೆಕ್-ಇನ್ ಬ್ಯಾಗನ್ನು ತೆರೆದು ನೋಡುವ ಸಿಬ್ಬಂದಿಯ ಕೈಗೆ ಗಾಯವಾಗದಂತೆ ಅಲಗುಗಳಿಗೆ ಒರೆ ಹಾಕಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಟೇಪು ಅಂಟಿಸುವುದು ಒಳ್ಳೆಯ ರೂಢಿ.

ಚೆಕ್-ಇನ್ ಬ್ಯಾಗಿಲ್ಲದ ಅಗ್ಗದ ಟಿಕೆಟು ತೆಗೆದುಕೊಂಡವರಿಗೆ ಈ ದಾರಿ ಇರುವುದಿಲ್ಲ. ಅಂಥವರು ಕಾರ್ಟ್ರಿಜ್ ರೇಜರಿಗೆ ಬದಲಾಗಬೇಕು, ಇಲ್ಲವೆ ಬ್ಲೇಡನ್ನು ತಲುಪಿದ ಊರಿನಲ್ಲಿ ಕೊಳ್ಳಬೇಕು.

ಸಿಕ್ಕಿಬಿದ್ದಾಗ

ನಿಷಿದ್ಧ ವಸ್ತು ಕಂಡಾಗ ಚೀಲವನ್ನು ಮಾಲೀಕರ ಎದುರೇ ತೆರೆಯುತ್ತಾರೆ. ಕತ್ತರಿ, ಬ್ಲೇಡಿನಂಥ ಮನೆಬಳಕೆಯ ವಸ್ತುವಾದರೆ ಪ್ರಯಾಣಿಕರ ಮುಂದೆ ಎರಡೇ ದಾರಿ. ಸಮಯವಿದ್ದರೆ ಕೌಂಟರಿಗೆ ಮರಳಿ ಚೀಲವನ್ನು ಚೆಕ್-ಇನ್ ಮಾಡಿಸುವುದು, ಇಲ್ಲವೆ ಆ ವಸ್ತುವನ್ನು ಅಲ್ಲಿಯೇ ಬಿಡುವುದು. ಸಣ್ಣ ನಿಲ್ದಾಣದಲ್ಲಿ ಕೌಂಟರು ಹತ್ತಿರವೇ ಇರುವುದರಿಂದ ಮೊದಲ ದಾರಿ ಸುಲಭ. ಬೆಂಗಳೂರಿನಂಥ ಕಡೆ ಅದರಲ್ಲೇ ವಿಮಾನ ತಪ್ಪಿಹೋಗಬಹುದು. ಬೀಳ್ಕೊಡಲು ಬಂದವರು ಹೊರಗೆ ಇನ್ನೂ ನಿಂತಿದ್ದರೂ ಟರ್ಮಿನಲ್ಲಿನ ಬಾಗಿಲು ದಾಟಿ ಅವರ ಕೈಗೆ ಕೊಟ್ಟು ಬರಲು ಭದ್ರತಾ ಸಿಬ್ಬಂದಿಯ ಅನುಮತಿ ಬೇಕು.

ಟೀಕೆ

ಈ ನಿಯಮಗಳಿಗೆ ಎರಡು ಬಗೆಯ ಆಕ್ಷೇಪಗಳಿವೆ. ಮೊದಲನೆಯದು ಹೊಂದಾಣಿಕೆ ಇಲ್ಲದಿರುವುದು. ಒಂದು ದೇಶದಲ್ಲಿ 6 ಸೆಂ.ಮೀ., ಇನ್ನೊಂದರಲ್ಲಿ 4 ಇಂಚು, ಮತ್ತೊಂದರಲ್ಲಿ ಮೊನಚಾದರೆ ಸಾಕು ನಿಷೇಧ. ಎರಡನೆಯದು ತರ್ಕದ್ದು. ಭದ್ರತೆ ದಾಟಿದ ಮೇಲೆ ಅಂಗಡಿಯಲ್ಲಿ ಗಾಜಿನ ಬಾಟಲಿ ಮಾರುವಾಗ, ಪೈಲಟ್ ಕೋಣೆಯ ಬಾಗಿಲು ಭದ್ರವಾಗಿರುವಾಗ ಮೀಸೆ ಕತ್ತರಿಯನ್ನು ತಡೆಯುವುದರಿಂದ ಏನು ಸಾಧಿಸಿದಂತಾಯಿತು ಎಂಬ ಪ್ರಶ್ನೆ ಅದು. ಅಪಹರಣವೊಂದೇ ಅಪಾಯವಲ್ಲ, ಕುಡಿದ ಅಥವಾ ಕೆರಳಿದ ಒಬ್ಬ ಪ್ರಯಾಣಿಕನ ಕೈಗೆ ಅಲಗು ಸಿಗಬಾರದು ಎಂಬುದು ವಿಮಾನ ಸಿಬ್ಬಂದಿಯ ಉತ್ತರ. ಕನ್ನಡದಲ್ಲಿ ಚಿತ್ರಸಹಿತ ಪಟ್ಟಿ ಬಸ್ ನಿಲ್ದಾಣಗಳಲ್ಲೂ ಟಿಕೆಟ್ ಮಾಡಿಕೊಡುವ ಅಂಗಡಿಗಳಲ್ಲೂ ಇದ್ದರೆ ಮೊದಲ ಸಲ ಹೊರಟವರ ಅರ್ಧ ಗೊಂದಲ ಊರಲ್ಲೇ ಕಳೆಯುತ್ತದೆ.

ಸಾರಾಂಶ

ಅಲಗು ಚೆಕ್-ಇನ್ ಬ್ಯಾಗಿಗೆ, ಬ್ಯಾಟರಿ ಕೈಚೀಲಕ್ಕೆ, 100 ಮಿ.ಲೀ. ಮೀರಿದ ದ್ರವ ವಿದೇಶ ಪ್ರಯಾಣದಲ್ಲಿ ಮತ್ತೆ ಚೆಕ್-ಇನ್ ಬ್ಯಾಗಿಗೆ. ನೇಲ್ ಕಟರ್, ಚಿಮಟ, ಹಣಿಗೆ, ಕಾರ್ಟ್ರಿಜ್ ರೇಜರ್‌ಗಳಿಗೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಸಂದೇಹವಿದ್ದ ವಸ್ತುವನ್ನು ದೊಡ್ಡ ಬ್ಯಾಗಿಗೆ ಹಾಕುವುದು ಕ್ಷೇಮ, ಪವರ್ ಬ್ಯಾಂಕು ಮತ್ತು ಬಿಡಿ ಬ್ಯಾಟರಿಯ ಹೊರತು. ಪಟ್ಟಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಬಿಸಿಎಎಸ್‌ನ ಮತ್ತು ಆಯಾ ವಿಮಾನ ಸಂಸ್ಥೆಯ ಸೂಚನೆಗಳನ್ನು ನೋಡಿಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ನಿಲ್ದಾಣಗಳಲ್ಲಿ ತಪಾಸಣೆಯಿದ್ದರೆ ಅವುಗಳಲ್ಲಿ ಅತಿ ಬಿಗಿಯಾದ ನಿಯಮವನ್ನೇ ಲೆಕ್ಕಕ್ಕೆ ಹಿಡಿದು ಚೀಲ ಕಟ್ಟಬೇಕು.